ಹರಾಜಿಗೆ ಮುನ್ನ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡಿರುವ ಒಕ್ಕಲಿಗ ಕಾಪ್ಪಿಲಿಯರ ಕುಟುಂಬವೊಂದರ ಇಬ್ಬರು, ವಕೀಲಿಯಿಂದ ನಿವೃತ್ತರಾದ ಮಾವ ಮತ್ತು ಆಸ್ತಿ ವ್ಯವಹಾರಕ್ಕೆ ಇಳಿದಿರುವ ಅಳಿಯ, ಈ ಸಂವಾದದ ಪಾತ್ರಗಳು. ಸಾಲ ತೀರಿಸಲಾಗದವರ ಮನೆ, ಮಳಿಗೆಗಳನ್ನು ಬ್ಯಾಂಕಿನ ಹರಾಜಿಗೆ ಮೊದಲೇ ಪತ್ತೆಹಚ್ಚಿ ಕೊಳ್ಳುವುದು ನ್ಯಾಯವೇ ಎಂಬುದು ಇಲ್ಲಿನ ಜಿಜ್ಞಾಸೆ.

ಅಳಿಯ: ಕಂತು 90 ದಿನ ಮೀರಿ ಬಾಕಿ ಉಳಿದರೆ ಬ್ಯಾಂಕು ಅದನ್ನು ವಸೂಲಾಗದ ಸಾಲವೆಂದು ಗುರುತಿಸಿ, ಸರ್ಫೇಸಿ ಎಂದು ಕರೆಯಲಾಗುವ 2002ರ ಕಾಯ್ದೆಯಡಿ 60 ದಿನಗಳ ನೋಟಿಸು ಕೊಡುತ್ತದೆ, ಆಮೇಲೂ ಹಣ ಬಾರದಿದ್ದರೆ ಆಸ್ತಿಯನ್ನು ಸ್ವಾಧೀನಕ್ಕೆ ಪಡೆದು, ಆ ಸಂಗತಿಯನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತದೆ. ಊರೇ ಓದಿದ ಸುದ್ದಿ ಹಿಡಿದು ದಿಂಡಿಗಲ್ಲಿನ ಒಬ್ಬ ಸಾಲಗಾರನ ಬಾಗಿಲಿಗೆ ಹೋದರೆ ತಪ್ಪೇನು, ಮಾವ?

ಮಾವ: ಹೋಗುವುದರಲ್ಲಿ ತಪ್ಪಿಲ್ಲ; ನಿನಗೆ ತಿಳಿದದ್ದರಲ್ಲಿ ಎಷ್ಟನ್ನು ಅವನಿಗೆ ತಿಳಿಸುತ್ತೀಯ ಎಂಬುದು ಪ್ರಶ್ನೆ. ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಧಾನ್ಯ ತಂದ ವ್ಯಾಪಾರಿಯೊಬ್ಬ ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿರುವುದನ್ನು ಕೊಳ್ಳುವವರಿಗೆ ಹೇಳಬೇಕೇ ಎಂದು ಕೇಳಿ, ಹೇಳಲೇಬೇಕೆಂದು ತೀರ್ಮಾನಿಸುತ್ತಾನೆ.

ಅಳಿಯ: ಅಲ್ಲಿ ಗುಟ್ಟು ಮಾರುವವನ ಬಳಿ ಇತ್ತು. ಇಲ್ಲಿ ನೋಟಿಸು ಒಡೆಯನ ಕೈಯಲ್ಲೇ ಇದೆಯಲ್ಲ?

ಮಾವ: ಕೈಯಲ್ಲಿರುವುದು ಬೇರೆ, ಓದಿ ಅರ್ಥಮಾಡಿಕೊಂಡಿರುವುದು ಬೇರೆ. ಅವಮಾನಕ್ಕೆ ಅಂಜಿದವನು ಲಕೋಟೆಯನ್ನು ಒಡೆಯದೆಯೇ ಬೀರುವಿನ ಮೂಲೆಗೆ ಸೇರಿಸುತ್ತಾನೆ, ಹೆಂಡತಿಗೂ ಹೇಳುವುದಿಲ್ಲ. ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕೆಂಬುದಾಗಲಿ, ಬ್ಯಾಂಕಿನ ಕ್ರಮದ ವಿರುದ್ಧ 45 ದಿನಗಳೊಳಗೆ ಮದುರೈಯ ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆ ಹೋಗಬಹುದೆಂಬುದಾಗಲಿ, ಹರಾಜಿನಲ್ಲಿ ಬಾಕಿ ಮತ್ತು ಖರ್ಚು ಕಳೆದು ಉಳಿದ ಹಣ ತನಗೇ ಸೇರಬೇಕೆಂಬುದಾಗಲಿ ಅವನಿಗೆ ಗೊತ್ತಿರುವುದಿಲ್ಲ. ಈ ಅಜ್ಞಾನಕ್ಕೆ ಬೆಲೆ ಕಟ್ಟಿ ಕೊಳ್ಳುವುದು ವ್ಯಾಪಾರವಲ್ಲ, ಸುಲಿಗೆ. ಕಂಬದ ಪನ್ನೀರ್ ದ್ರಾಕ್ಷಿ ಬೆಳೆಯುವ ರೈತನಿಗೆ ‘ಎರಡು ತಿಂಗಳಲ್ಲಿ ತೋಟ ಹರಾಜು’ ಎಂದು ದಳ್ಳಾಳಿ ಹೆದರಿಸಿದರಂತೂ ಅದು ಹಸಿ ಸುಳ್ಳು. ಇದೇ ಕಾಯ್ದೆಯ 31ನೇ ಕಲಂ ಕೃಷಿಭೂಮಿಯನ್ನು ಹೊರಗಿಟ್ಟಿದೆ, ಸಾಗುವಳಿಯಲ್ಲಿರುವ ತೋಟಕ್ಕೆ ಬ್ಯಾಂಕು ನ್ಯಾಯಾಲಯದ ದೀರ್ಘ ದಾರಿಯನ್ನೇ ಹಿಡಿಯಬೇಕು.

ಅಳಿಯ: ಇದನ್ನೆಲ್ಲ ಬಿಡಿಸಿ ಹೇಳಿದರೆ ಯಾರು ತಾನೇ ಕಡಿಮೆ ಬೆಲೆಗೆ ಮಾರುತ್ತಾರೆ?

ಮಾವ: ಎಲ್ಲ ತಿಳಿದ ಮೇಲೂ ಮಾರಬೇಕಾದವರು ಇದ್ದೇ ಇರುತ್ತಾರೆ. ಬಡ್ಡಿ ದಿನದಿನಕ್ಕೆ ಏರುತ್ತದೆ, ಹರಾಜಿನ ಬೆಲೆ ಯಾರ ಕೈಯಲ್ಲೂ ಇಲ್ಲ, ಊರವರ ಮುಂದೆ ಮನೆಗೆ ಬೀಗ ಬೀಳುವುದು ಬೇಡವೆಂಬ ಆಸೆಯೂ ಇರುತ್ತದೆ. ಬೇಗ ಹಣ ಹೊಂದಿಸುವ, ಋಣಭಾರ ಪತ್ರ ಮತ್ತು ಪಟ್ಟಾ ಪರಿಶೀಲಿಸುವ, ಬ್ಯಾಂಕಿನ ಬಾಕಿಯನ್ನು ನೇರವಾಗಿ ಕಟ್ಟಿ ಮೂಲಪತ್ರ ಬಿಡಿಸುವ ಶ್ರಮಕ್ಕೆ ಸಿಗುವ ರಿಯಾಯಿತಿ ನ್ಯಾಯವಾದ ಲಾಭ. ಅಷ್ಟರಿಂದ ತೃಪ್ತಿಯಾಗದವನು ಈ ಕಸುಬಿಗೆ ಬರಬಾರದು.

ಅಳಿಯ: ಮುಂಗಡ ಕೊಟ್ಟು ಕರಾರು ಬರೆಸಿಕೊಂಡರೆ ಸಾಲದೆ?

ಮಾವ: ಸಾಲದು. 60 ದಿನಗಳ ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಅಡವಿನ ಆಸ್ತಿಯನ್ನು ಮಾರುವಂತಿಲ್ಲವೆಂದು 13ನೇ ಕಲಮಿನ 13ನೇ ಉಪಕಲಂ ಹೇಳುತ್ತದೆ. ಒಡೆಯ, ಬ್ಯಾಂಕು, ಕೊಳ್ಳುವವ ಮೂವರೂ ಒಂದೇ ಮೇಜಿನ ಸುತ್ತ ಕೂತರೆ ಮಾತ್ರ ಈ ವ್ಯವಹಾರ ನಿಲ್ಲುತ್ತದೆ, ಬಚ್ಚಿಡುವುದಕ್ಕೆ ಆಗ ಎಡೆಯೂ ಉಳಿಯುವುದಿಲ್ಲ.

ಅಳಿಯ: ಹಾಗಾದರೆ ಒಡೆಯನಿಗೆ ಹೇಳಬೇಕಾದ ಮೊದಲ ಮಾತು ಯಾವುದು?

ಮಾವ: ಬೆಲೆಯ ಮಾತಂತೂ ಅಲ್ಲ. ನೋಟಿಸಿನ ತಾರೀಖು ಕೇಳು, ಉಳಿದ ದಿನಗಳನ್ನು ಅವನೆದುರೇ ಲೆಕ್ಕಹಾಕು, ಮಕ್ಕಳೊಡನೆಯೂ ಒಬ್ಬ ವಕೀಲರೊಡನೆಯೂ ವಿಚಾರಿಸಲು ಹೇಳಿ ಎದ್ದು ಬಾ. ದಿನಗಳ ಲೆಕ್ಕ ಏಕೆಂದರೆ, ಈ ಕಾಯ್ದೆಯ 2016ರ ತಿದ್ದುಪಡಿಯ ನಂತರ, ಸುಪ್ರೀಂ ಕೋರ್ಟು 2023ರಲ್ಲಿ ಎತ್ತಿಹಿಡಿದಂತೆ, ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಇರುತ್ತದೆ.