ಗಾಳಿಯ ಬಲೆ

ನಮ್ಮೂರಿನ ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಕೆಳಗೆ, ಬಲೆಯ ಸಮೇತ ಹಾರಿಹೋಗುತ್ತಿರುವ ಪಾರಿವಾಳಗಳ ಚಿತ್ರ. ಪಂಚತಂತ್ರದ ಆ ಕತೆ ನಿಮಗೂ ಗೊತ್ತಿರುತ್ತದೆ. ಬೇಡ ಕಾಳು ಚೆಲ್ಲಿ ಬಲೆ ಹಾಸುತ್ತಾನೆ, ಪಾರಿವಾಳಗಳು ಸಿಕ್ಕಿಬೀಳುತ್ತವೆ, ಅವುಗಳ ಅರಸ ಚಿತ್ರಗ್ರೀವ ಎಲ್ಲರೂ ಒಟ್ಟಿಗೆ ರೆಕ್ಕೆ ಬಡಿಯಿರಿ ಎನ್ನುತ್ತಾನೆ, ಬಲೆಯೇ ಮೇಲೆದ್ದು ಹೋಗುತ್ತದೆ. ಆ ಗೋಡೆಬರಹವನ್ನು ನಾನು ಇಪ್ಪತ್ತು ವರ್ಷ ಯಾವ ಪ್ರಶ್ನೆಯೂ ಇಲ್ಲದೆ ನಂಬಿದ್ದೆ. ಮೊದಲ ಸಲ ಅನುಮಾನ ಬಂದದ್ದು ಅಲಾಸ್ಕಾದ ತಿಮಿಂಗಿಲಗಳ ಒಂದು ವಿಡಿಯೊ ನೋಡಿದಾಗ.

ನನ್ನ ಪಿಎಚ್.ಡಿ. ವಿಷಯ ‘ಮತ್ಸ್ಯನ್ಯಾಯ’. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ನ್ಯಾಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಮಹಾಭಾರತದ ಶಾಂತಿಪರ್ವದಲ್ಲೂ ಈ ಮಾತು ಬರುತ್ತದೆ. ದಂಡ ಹಿಡಿಯುವವನಿಲ್ಲದಿದ್ದರೆ ಬಲಶಾಲಿ ದುರ್ಬಲನನ್ನು ತಿಂದುಹಾಕುತ್ತಾನೆ. ಆ ಸ್ಥಿತಿಗೆ ಹೆದರಿದ ಜನ ಒಂದುಗೂಡಿ ರಾಜನನ್ನು ಒಪ್ಪಿಕೊಂಡರು ಎಂಬುದು ಅಲ್ಲಿನ ವಿವರಣೆ. ನನ್ನ ಮೂರನೇ ಅಧ್ಯಾಯ ಇದರ ಮೇಲೆಯೇ ನಿಂತಿತ್ತು. ಮತ್ಸ್ಯನ್ಯಾಯವೆಂದರೆ ಪ್ರತಿಯೊಬ್ಬನೂ ಒಂಟಿಯಾಗಿರುವ ಜಗತ್ತು, ಕೂಡಿ ಬಾಳುವುದು ಅದಕ್ಕೆ ಮದ್ದು ಎಂದು ನಾನು ವಾದಿಸಿದ್ದೆ. ಅಧ್ಯಾಯ ಮುಂದೆ ಸಾಗದಿದ್ದ ಒಂದು ರಜೆಯಲ್ಲಿ ಊರಿಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಾಗ ಆ ವಿಡಿಯೊ ಸಿಕ್ಕಿತು. ಅಮ್ಮ ಪಕ್ಕದಲ್ಲೇ ಕೂತು ಮರುದಿನಕ್ಕೆ ಅವರೆಕಾಯಿ ಸುಲಿಯುತ್ತಿದ್ದರು.

ಅದರಲ್ಲಿದ್ದವು ಗೂನುಬೆನ್ನಿನ ತಿಮಿಂಗಿಲಗಳು, ಇಂಗ್ಲಿಷಿನವರು ಹಂಪ್‌ಬ್ಯಾಕ್ ಎನ್ನುವ ಜಾತಿ. ಬೆಳೆದ ಒಂದು ತಿಮಿಂಗಿಲ ನಮ್ಮ ಸಿಟಿ ಬಸ್ಸಿಗಿಂತ ಉದ್ದ, ತೂಕ ಸುಮಾರು 30 ಟನ್. ಬಾಯಲ್ಲಿ ಹಲ್ಲಿಲ್ಲ. ಮೇಲ್ದವಡೆಯಿಂದ ಬಾಚಣಿಗೆಯ ಹಾಗೆ ನೂರಾರು ಪಟ್ಟಿಗಳು ಇಳಿಬಿದ್ದಿರುತ್ತವೆ, ನಮ್ಮ ಉಗುರು ಯಾವ ವಸ್ತುವಿನದೋ ಅದರದ್ದೇ. ಬಾಯ್ತುಂಬ ನೀರು ತುಂಬಿಕೊಂಡು, ಆ ಪಟ್ಟಿಗಳ ಮೂಲಕ ನೀರನ್ನು ಹೊರಗೆ ತಳ್ಳಿ, ಉಳಿದ ಮೀನನ್ನು ನುಂಗುತ್ತದೆ. ಅಷ್ಟು ದೊಡ್ಡ ದೇಹಕ್ಕೆ ಒಂದೊಂದೇ ಮೀನು ಹಿಡಿದರೆ ಸಾಲದು, ಮೀನಿನ ಹಿಂಡೇ ಒಂದೆಡೆ ಸೇರಬೇಕು.

ಆಗ್ನೇಯ ಅಲಾಸ್ಕಾದ ಕಡಲಲ್ಲಿ ಅವು ಹೆರಿಂಗ್ ಮೀನನ್ನು ಸೇರಿಸುವ ಬಗೆ ಹೀಗಿದೆ. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ಸಂಬಂಧಿ. ಹತ್ತು ಹನ್ನೆರಡು ತಿಮಿಂಗಿಲಗಳು ಹಿಂಡಿನ ಕೆಳಕ್ಕೆ ಮುಳುಗುತ್ತವೆ. ಒಂದು ತಿಮಿಂಗಿಲ ಸುತ್ತು ಹಾಕುತ್ತ ತಲೆಯ ಮೇಲಿನ ಉಸಿರುರಂಧ್ರದಿಂದ ಗಾಳಿ ಬಿಡುತ್ತದೆ. ಗುಳ್ಳೆಗಳು ಮೇಲೇರಿ ಮೀನಿನ ಸುತ್ತ ಪರದೆಯಾಗುತ್ತವೆ. ಇನ್ನೊಂದು ಆಳದಿಂದ ಕೂಗು ಹಾಕುತ್ತದೆ. ಆ ಕೂಗಿಗೆ ಬೆದರಿದ ಮೀನುಗಳು ಮೇಲಕ್ಕೆ ನುಗ್ಗುತ್ತವೆ. ಉಳಿದವು ಬಿಳಿ ಅಡಿಭಾಗದ ಉದ್ದನೆಯ ಈಜುರೆಕ್ಕೆಗಳನ್ನು ಬೀಸುತ್ತ ಕೆಳಗಿನಿಂದ ಒತ್ತುತ್ತವೆ. ಕೊನೆಗೆ ಎಲ್ಲವೂ ಒಟ್ಟಿಗೆ ಬಾಯಿ ತೆರೆದು ವೃತ್ತದ ನಡುವಿನಿಂದ ಏಳುತ್ತವೆ. ಕಡಲು ಕುದಿದಂತಾಗುತ್ತದೆ. ಇವು ಒಂದೇ ಮನೆಯವಲ್ಲ, ಬಹುಪಾಲು ರಕ್ತಸಂಬಂಧವಿಲ್ಲದವು. ಆದರೂ ಕೆಲವು ಜೊತೆಗಾರರು ವರ್ಷದಿಂದ ವರ್ಷಕ್ಕೆ ಮತ್ತೆ ಒಂದೇ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತಾರೆ.

ನನಗೆ ಖುಷಿಯೋ ಖುಷಿ. ಅಧ್ಯಾಯಕ್ಕೆ ಉದಾಹರಣೆ ಸಿಕ್ಕಿತ್ತು. ಕಡಲಲ್ಲೂ ಮತ್ಸ್ಯನ್ಯಾಯ ಮಾತ್ರವೇ ಇಲ್ಲ, ನೋಡಿ, ಎಷ್ಟು ಸೊಗಸಾದ ಸಹಕಾರ ಎಂದು ಬರೆಯಬಹುದಿತ್ತು. ಅಷ್ಟರಲ್ಲಿ ಅಮ್ಮ ಮೊಬೈಲಿನತ್ತ ಬಗ್ಗಿ ಕೇಳಿದರು, “ಅದು ಬರೀ ಗಾಳಿ ತಾನೆ? ಪಾಪ, ಆ ಮೀನುಗಳು ದಾಟಿ ಹೋಗಬಾರದಾ?”

ದಾಟಬಹುದು. ಗುಳ್ಳೆಗೆ ಮೀನನ್ನು ಹಿಡಿದಿಡುವ ಶಕ್ತಿಯಿಲ್ಲ. ಆದರೆ ಹೆರಿಂಗ್‌ಗಳಿಗೆ ಗುಳ್ಳೆಯೆಂದರೆ ಭಯ, ಅದರ ಹತ್ತಿರ ಹೋಗದೆ ಹಿಂದೆ ಸರಿಯುತ್ತವೆ. ಹೆದರಿದಷ್ಟೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಳ್ಳುವುದು ಅವುಗಳ ಹಳೆಯ ರಕ್ಷಣೆ. ಒಂದು ದೊಡ್ಡ ಮೀನೋ ಹಕ್ಕಿಯೋ ಬೆನ್ನಟ್ಟಿದಾಗ ಸಾವಿರ ಮೈಗಳ ನಡುವೆ ಯಾವುದನ್ನು ಹಿಡಿಯುವುದೆಂದು ಅದಕ್ಕೆ ತಿಳಿಯುವುದಿಲ್ಲ. ತಿಮಿಂಗಿಲಕ್ಕೆ ಆರಿಸುವ ಅಗತ್ಯವೇ ಇಲ್ಲ, ಅದಕ್ಕೆ ಇಡೀ ಹಿಂಡೇ ಬೇಕು. ಶಾಲೆಯ ಗೋಡೆಬರಹವನ್ನು ಚಾಚೂ ತಪ್ಪದೆ ಪಾಲಿಸಿದ ಮೀನುಗಳು ಆ ಕಾರಣಕ್ಕೇ ಸಾಯುತ್ತಿವೆ ಎನ್ನಿಸಿತು. ಹಿಡಿಯುವವರದೂ ಒಗ್ಗಟ್ಟು, ಸಿಕ್ಕಿಬಿದ್ದವರದೂ ಒಗ್ಗಟ್ಟು.

ಸಹಕಾರದ ಪರ ವಾದಿಸುವವರು ಈ ಜಾಗದಲ್ಲಿ ತುಸು ಬೇಗ ಮುಂದೆ ಹೋಗಿಬಿಡುತ್ತೇವೆ. 1902ರಲ್ಲಿ ಪುಸ್ತಕವಾಗಿ ಬಂದ ತನ್ನ ‘ಮ್ಯೂಚುಯಲ್ ಏಡ್’ನಲ್ಲಿ ಕ್ರೊಪಾಟ್ಕಿನ್, ಜೀವಜಗತ್ತು ಬರೀ ಹೊಡೆದಾಟವಲ್ಲ, ಪರಸ್ಪರ ನೆರವೂ ವಿಕಾಸದ ಒಂದು ಶಕ್ತಿ ಎಂದು ತೋರಿಸಿದ. ಅವನು ಕೊಡುವ ಉದಾಹರಣೆಗಳಲ್ಲಿ ಒಂದು ಹೆಜ್ಜಾರ್ಲೆಗಳದು. ಅವು ನೀರಿನಲ್ಲಿ ಅರ್ಧಚಂದ್ರಾಕಾರವಾಗಿ ಸಾಲುಗಟ್ಟಿ, ದಡದ ಕಡೆಗೆ ವೃತ್ತವನ್ನು ಕಿರಿದು ಮಾಡುತ್ತ ಮೀನು ಹಿಡಿಯುತ್ತವೆ. ಉದಾಹರಣೆ ನಿಜ, ವಾದವೂ ಬಹುಮಟ್ಟಿಗೆ ನಿಜ. ಆದರೆ ನೆರವು ಎಂಬ ಮಾತು ಸಾಲಿನಲ್ಲಿರುವ ಹಕ್ಕಿಗಳಿಗೆ ಸಲ್ಲುತ್ತದೆ, ಸಾಲಿಗೂ ದಡಕ್ಕೂ ನಡುವೆ ಇರುವವರಿಗೆ ಸಲ್ಲುವುದಿಲ್ಲ. ನನ್ನ ಅಧ್ಯಾಯದಲ್ಲಿದ್ದ ತೂತು ಇದೇ. ಒಂದುಗೂಡಿದರೆ ಮತ್ಸ್ಯನ್ಯಾಯ ಮುಗಿಯುತ್ತದೆ ಎಂದು ಬರೆದಿದ್ದೆ. ಒಂದುಗೂಡಿ ಮತ್ಸ್ಯನ್ಯಾಯವನ್ನು ಇನ್ನಷ್ಟು ಚೆನ್ನಾಗಿ ನಡೆಸಬಹುದು ಎಂಬುದು ನನಗೆ ಹೊಳೆದಿರಲಿಲ್ಲ.

ಹೊಳೆಯಬೇಕಿತ್ತು. ಯಾಕೆಂದರೆ ನಾನು ಅಂಥ ಒಂದು ವೃತ್ತದಲ್ಲಿದ್ದೆ.

ನಮ್ಮ ವಿಭಾಗದಲ್ಲಿ ನಾವು ಐದು ಜನ ಸಂಶೋಧನಾ ವಿದ್ಯಾರ್ಥಿಗಳು ಬಹಳ ಹೊಂದಿಕೊಂಡಿದ್ದೆವು. ಎರಡು ದಿನಗಳ ವಿಚಾರ ಸಂಕಿರಣವೊಂದನ್ನು ಕರಪತ್ರದಿಂದ ಊಟದ ಕೂಪನ್ನಿನವರೆಗೆ ನಾವೇ ನಡೆಸಿದೆವು. ಎಲ್ಲರೂ ನಮ್ಮ ಒಗ್ಗಟ್ಟನ್ನು ಹೊಗಳಿದರು. ಆ ವರ್ಷ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಸಭೆಯೊಂದರಲ್ಲಿ, ಪ್ರಬಂಧ ಮಂಡಿಸುವವರ ಪಟ್ಟಿಯಲ್ಲಿ ಒಬ್ಬರೇ ಮಾರ್ಗದರ್ಶಕರ ವಿದ್ಯಾರ್ಥಿಗಳ ಹೆಸರುಗಳು ಯಾಕಿವೆ ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಆ ಹೆಸರುಗಳಲ್ಲಿ ನನ್ನದೂ ಇತ್ತು.

ಅವಳನ್ನು ಯಾರೂ ಬೈಯಲಿಲ್ಲ. ಒಬ್ಬರು ಕ್ಯಾಂಟೀನಿನಲ್ಲಿ ಅವಳಿಗೆ ಜಾಗ ಹಿಡಿಯುವುದನ್ನು ಬಿಟ್ಟರು. ಇನ್ನೊಬ್ಬರು ಅವಳಿಲ್ಲದ ಹೊಸ ವಾಟ್ಸಾಪ್ ಗುಂಪು ಮಾಡಿದರು. ಮತ್ತೊಬ್ಬರು ಅವಳು ಬಂದಾಗ ಮಾತು ಬದಲಿಸಿದರು. ನಾನು ಅವಳ ಮೆಸೇಜಿಗೆ ಒಂದು ದಿನ ತಡವಾಗಿ, ಆಮೇಲೆ ಎರಡು ದಿನ ತಡವಾಗಿ ಉತ್ತರಿಸತೊಡಗಿದೆ. ಒಬ್ಬೊಬ್ಬರದೂ ಒಂದೊಂದು ಗುಳ್ಳೆ. ಬಿಡಿಯಾಗಿ ನೋಡಿದರೆ ತಪ್ಪು ಎನ್ನುವಷ್ಟು ಯಾವುದೂ ದೊಡ್ಡದಲ್ಲ. ಆದರೆ ಅವಳು ಊಟವನ್ನು ಹಾಸ್ಟೆಲಿಗೆ ಒಯ್ಯತೊಡಗಿದಳು, ನಾವಿಲ್ಲದ ಹೊತ್ತು ನೋಡಿ ಗ್ರಂಥಾಲಯಕ್ಕೆ ಬರತೊಡಗಿದಳು. ನಂತರ ಸೇರಿದವರಿಗೆ ನಾವು ಏನೂ ಹೇಳಿಕೊಡಲಿಲ್ಲ. ನಮ್ಮನ್ನು ನೋಡಿಯೇ ಅವರೂ ಅವಳ ಜೊತೆ ಮಾತು ಕಡಿಮೆ ಮಾಡಿದರು.

ತಿಮಿಂಗಿಲಗಳಲ್ಲೂ ಬೇಟೆಯ ವಿದ್ಯೆ ಹೀಗೇ ಹಬ್ಬುತ್ತದೆಂದು ಆಮೇಲೆ ಓದಿದೆ. 1980ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಮೇನ್ ಕೊಲ್ಲಿಯಲ್ಲಿ ಒಂದು ತಿಮಿಂಗಿಲ ಗುಳ್ಳೆ ಬಿಡುವ ಮೊದಲು ನೀರಿನ ಮೇಲೆ ಬಾಲ ಅಪ್ಪಳಿಸುವುದು ಕಂಡಿತು. ಅಲ್ಲಿ ಹೆರಿಂಗ್ ಕಡಿಮೆಯಾಗಿ ಬೇರೊಂದು ಸಣ್ಣ ಮೀನು ಹೆಚ್ಚಿದ್ದ ಕಾಲ ಅದು. 2007ರ ಹೊತ್ತಿಗೆ ಅಲ್ಲಿನ ತಿಮಿಂಗಿಲಗಳಲ್ಲಿ ಶೇಕಡಾ 37ರಷ್ಟು ಆ ಪಟ್ಟು ಹಾಕುತ್ತಿದ್ದವು. 27 ವರ್ಷಗಳ ದಾಖಲೆಗಳನ್ನು ಜೋಡಿಸಿದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ತೀರ್ಮಾನ: ಇದು ಮುಖ್ಯವಾಗಿ ಹರಡಿದ್ದು ಒಡನಾಟದಿಂದ, ಬಲ್ಲವರ ಜೊತೆ ಇದ್ದವರು ಕಲಿತರು.

ಒಂದು ರಾತ್ರಿ ಆ ಹುಡುಗಿ ನನ್ನ ರೂಮಿಗೆ ಬಂದಳು. “ಅಕ್ಕಾ, ನಾನೇನು ತಪ್ಪು ಮಾಡಿದೆ ಹೇಳಿ” ಎಂದಳು. ಐವರಲ್ಲಿ ನಾನೇ ಹೆಚ್ಚು ಮಾತಾಡದವಳು, ಅದಕ್ಕೇ ನನ್ನನ್ನು ನಂಬಿದ್ದಳು. ಮಾರ್ಗದರ್ಶಕರನ್ನು ಬದಲಿಸುವ ಯೋಚನೆಯಿದೆ ಎಂದೂ ಹೇಳಿದಳು. ನಾನು ಚಹಾ ಮಾಡಿ ಕೊಟ್ಟೆ, ಎಲ್ಲವನ್ನೂ ಕೇಳಿಸಿಕೊಂಡೆ. ಮರುದಿನ ಕ್ಯಾಂಟೀನಿನಲ್ಲಿ “ಪಾಪ, ಅವಳು ಹೀಗೆಂದಳು” ಎಂದು ಉಳಿದವರಿಗೆ ಹೇಳಿದೆ. ಸಂಜೆಯೊಳಗೆ ಮಾತು ತಲುಪಬಾರದಲ್ಲಿಗೆ ತಲುಪಿತ್ತು. ಎರಡನೇ ವರ್ಷ ಮುಗಿಯುವ ಮೊದಲೇ ಅವಳು ಸಂಶೋಧನೆ ಬಿಟ್ಟು ಹೋದಳು.

2011ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಈಶಾನ್ಯಕ್ಕೆ, ಕೆಲವು ತಿಮಿಂಗಿಲಗಳು ಬೇರೊಂದು ಬಗೆಯಲ್ಲಿ ತಿನ್ನುವುದನ್ನು ಸಂಶೋಧಕರು ಮೊದಲ ಬಾರಿ ಗುರುತಿಸಿದರು. ಹೆರಿಂಗ್ ಮರಿಗಳು ಚದುರಿ ಸಣ್ಣ ಸಣ್ಣ ಗುಂಪಾಗಿದ್ದಾಗ ನುಗ್ಗಿ ಹಿಡಿಯುವುದು ದಂಡ, ಖರ್ಚಾಗುವ ಶಕ್ತಿಯಷ್ಟೂ ಆಹಾರ ಸಿಗದು. ಆಗ ತಿಮಿಂಗಿಲ ನೀರಿನ ಮೇಲ್ಭಾಗದಲ್ಲಿ ದವಡೆ ತೆರೆದು ಸುಮ್ಮನೆ ನಿಲ್ಲುತ್ತದೆ. ಮೇಲಿನಿಂದ ಮುಳುಗಿ ಮುಳುಗಿ ಹಿಡಿಯುವ ಹಕ್ಕಿಗಳ ಕಾಟಕ್ಕೆ ಅಡಗುತಾಣ ಹುಡುಕುವ ಮರಿಗಳು ಆ ಬಾಯನ್ನೇ ಆಸರೆಯೆಂದುಕೊಂಡು ಒಳಗೆ ಸೇರುತ್ತವೆ. ತಿಮಿಂಗಿಲ ಬಾಯಿ ಮುಚ್ಚುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಿಮಿಂಗಿಲವನ್ನು ಕಟಕಟೆಗೆ ಎಳೆಯುವುದು ನನ್ನ ಉದ್ದೇಶವಲ್ಲ. ಅಲಾಸ್ಕಾದ ತಿಮಿಂಗಿಲಗಳಲ್ಲಿ ಅನೇಕವು ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಈಜಿ ಹವಾಯಿಗೆ ಹೋಗುತ್ತವೆ. ಅಲ್ಲಿ ತಾಯಿಯೊಂದು ತಿಂಗಳುಗಟ್ಟಲೆ ಏನೂ ತಿನ್ನದೆ, ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ಮರಿಗೆ ಹಾಲೂಡಿಸುತ್ತದೆ. ಆ ಹೆರಿಂಗ್ ಇಲ್ಲದಿದ್ದರೆ ಆ ಮರಿ ಇಲ್ಲ. ವಂಚನೆ, ದ್ರೋಹ ಎಂಬ ಮಾತುಗಳನ್ನು ಅದಕ್ಕೆ ಅಂಟಿಸುವುದು ನಮ್ಮ ಕೊಳೆಯನ್ನು ಅದರ ಮೈಗೆ ಒರೆಸಿದಂತೆ. ಹಾಗೆಯೇ ‘ಎಂಥ ಸಹಕಾರ’ ಎಂದು ಹೊಗಳಿ ಅದರಿಂದ ನೀತಿಪಾಠ ಕಲಿಯುವುದೂ ತಪ್ಪು. ನಿಂದೆ ಅದಕ್ಕೆ ಸಲ್ಲದಿದ್ದರೆ ಹೊಗಳಿಕೆಯೂ ಸಲ್ಲದು. ಅದಕ್ಕೆ ಹಸಿವಿತ್ತು, ಬೇರೆ ದಾರಿಯಿರಲಿಲ್ಲ. ನಮಗೆ ಅಂದು ಯಾವ ಹಸಿವಿತ್ತು? ಪಟ್ಟಿಯಲ್ಲಿ ಒಂದು ಹೆಸರು, ಮಾರ್ಗದರ್ಶಕರ ಒಂದು ಮೆಚ್ಚುಗೆ, ಕ್ಯಾಂಟೀನಿನ ಮೇಜಿನಲ್ಲಿ ಒಂದು ಜಾಗ. ಬೇಡವೆನ್ನಲು ಐವರಿಗೂ ಸಾಧ್ಯವಿತ್ತು. ಒಬ್ಬರು ಗುಳ್ಳೆ ಬಿಡುವುದನ್ನು ನಿಲ್ಲಿಸಿದ್ದರೂ ವೃತ್ತದಲ್ಲಿ ಒಂದು ಬಾಗಿಲಾಗುತ್ತಿತ್ತು.

ಹಾಗಾದರೆ ಒಗ್ಗಟ್ಟು ಕೆಟ್ಟದ್ದೇ? ಪಾರಿವಾಳಗಳ ಕತೆಗೆ ಮತ್ತೆ ಹೋದೆ. ಶಾಲೆಯ ಗೋಡೆಯ ಮೇಲೆ ಅರ್ಧ ಕತೆಯಷ್ಟೇ ಇತ್ತು. ಬಲೆ ಹೊತ್ತು ಹಾರಿದ ಪಾರಿವಾಳಗಳು ಚಿತ್ರಗ್ರೀವನ ಗೆಳೆಯನಾದ ಇಲಿ ಹಿರಣ್ಯಕನ ಬಿಲದ ಬಳಿ ಇಳಿಯುತ್ತವೆ. ಇಲಿ ಮೊದಲು ಗೆಳೆಯನ ಕಟ್ಟನ್ನು ಕಡಿಯಲು ಬರುತ್ತದೆ. ಚಿತ್ರಗ್ರೀವ ತಡೆಯುತ್ತಾನೆ. ಮೊದಲು ಇವರದು, ಆಮೇಲೆ ನನ್ನದು ಎನ್ನುತ್ತಾನೆ. ಒಟ್ಟಿಗೆ ರೆಕ್ಕೆ ಬಡಿದದ್ದು ಬಲ, ಅದು ಬೇಟೆಗಾರರಿಗೂ ಇರುತ್ತದೆ. ಧರ್ಮ ಇರುವುದು ಇಲಿಯ ಮುಂದೆ ಆಡಿದ ಆ ಮಾತಿನಲ್ಲಿ. ಒಂದು ಗುಂಪು ಎಷ್ಟು ಹೊಂದಿಕೊಂಡಿದೆ ಎಂಬುದು ಅದರ ಬಗ್ಗೆ ನನಗೀಗ ಏನನ್ನೂ ಹೇಳುವುದಿಲ್ಲ. ಅದು ಯಾರನ್ನು ಸುತ್ತುವರಿದಿದೆ, ನಡುವೆ ಇರುವವರಿಗೆ ಹೊರಬರುವ ದಾರಿಯಿದೆಯೇ ಎಂದು ನೋಡಬೇಕು. ಒಳಗೆ ಕೂತವರಿಗೆ ಇದು ಸುಲಭವಾಗಿ ಕಾಣುವುದಿಲ್ಲ. ನಮ್ಮ ಕಣ್ಣೆಲ್ಲ ಪಕ್ಕದ ಗೆಳೆಯರ ಮೇಲಿರುತ್ತದೆ.

ಮೂರನೇ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಅರ್ಥಶಾಸ್ತ್ರದ ಆ ಪ್ರಸಂಗದಲ್ಲಿ ಒಂದುಗೂಡಿದ ಜನರ ಪಕ್ಕದಲ್ಲಿ, ಅವರು ಒಂದುಗೂಡುವಾಗ ಹೊರಗುಳಿದವರು ಯಾರಿರಬಹುದು ಎಂಬ ಪ್ರಶ್ನೆಯನ್ನೂ ಇಟ್ಟಿದ್ದೇನೆ. ಕಳೆದ ತಿಂಗಳು ಆ ಹುಡುಗಿಗೂ ಬರೆದೆ. ಅವಳ ಮಾತನ್ನು ಹೊರಗೆ ಹಾಕಿದ್ದು ನಾನೇ ಎಂದು ತಿಳಿಸಿದೆ, ಕ್ಷಮೆ ಕೇಳಿದೆ. ಉತ್ತರ ಬಂದಿಲ್ಲ. ಬರಲೇಬೇಕೆಂದು ಕಾಯುವ ಹಕ್ಕೂ ನನಗಿಲ್ಲ. ನಂಬಿ ಒಳಗೆ ಬಂದು ಒಮ್ಮೆ ಸಿಕ್ಕಿಬಿದ್ದವರು, ತೆರೆದ ಬಾಗಿಲು ಕಂಡರೂ ದೂರವೇ ನಿಲ್ಲುತ್ತಾರೆ.