ತರ್ಪಣದ ಕರ್ತೃ ಯಾರು?

2015ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಪೆಂಗ್ಮೋಕ್ ಬಂದರಿಗೆ ಬಂದಾಗ ಅಲ್ಲಿನ ಶ್ರದ್ಧಾಂಜಲಿ ಮಂಟಪದ ಬಾಗಿಲು ಮುಚ್ಚಿತ್ತು. ಮುಚ್ಚಿದವರು ಸತ್ತವರ ಮನೆಯವರೇ. ಅದೇ ದಿನ ಅನ್ಸಾನ್ ನಗರದಲ್ಲಿ ನಡೆಯಬೇಕಿದ್ದ ಮೊದಲ ವರ್ಷದ ಸ್ಮರಣೆಯನ್ನೂ ಅವರು ರದ್ದು ಮಾಡಿದ್ದರು. ಸರಿಯಾಗಿ ವರ್ಷದ ಹಿಂದೆ, ಇಂಚಿಯಾನ್‌ನಿಂದ ಜೆಜು ದ್ವೀಪಕ್ಕೆ ಹೊರಟಿದ್ದ ಸೆವೊಲ್ ಹಡಗು ಮುಳುಗಿ 304 ಮಂದಿ ಸತ್ತಿದ್ದರು. ಅವರಲ್ಲಿ 250 ಮಂದಿ ಅನ್ಸಾನ್‌ನ ಒಂದೇ ಶಾಲೆಯಿಂದ ಪ್ರವಾಸ ಹೊರಟ ಮಕ್ಕಳು. ಮಿತಿಮೀರಿ ಸರಕು ಹೇರಿದ್ದ ಹಡಗು ವಾಲತೊಡಗಿದಾಗ ಇದ್ದಲ್ಲೇ ಇರಿ ಎಂದು ಧ್ವನಿವರ್ಧಕ ಮತ್ತೆ ಮತ್ತೆ ಹೇಳಿತು. ಹಿರಿಯರ ಮಾತು ಕೇಳಿದ ಮಕ್ಕಳು ಒಳಗೇ ಉಳಿದರು, ಕಪ್ತಾನ ಪಾರಾದ. ಸತ್ತವರ ತಿಥಿಯಂದು ಬಂದವರಿಗೆ ಬಾಗಿಲು ಮುಚ್ಚುವುದು ಯಾವ ನಾಡಿನಲ್ಲೂ ಸಣ್ಣ ಮಾತಲ್ಲ. ಹಾಗಿದ್ದೂ ಆ ತಾಯ್ತಂದೆಯರು ಮಾಡಿದ್ದು ಕರ್ಮಲೋಪವಲ್ಲ; ಕರ್ಮದ ಅರ್ಥವನ್ನು ಆ ದಿನ ಸರಿಯಾಗಿ ಹಿಡಿದವರು ಅವರೇ ಎಂಬುದು ನನ್ನ ವಾದ.

ಉತ್ತರಕ್ರಿಯೆಗೆ ಒಬ್ಬ ಕರ್ತೃ ಬೇಕು. ಊರೆಲ್ಲ ಸೇರಬಹುದು, ದೊರೆಯೂ ಬರಬಹುದು. ನೀರು ಬಿಡುವ ಕೈ ಮಾತ್ರ ಸಂಬಂಧವುಳ್ಳವರದು. ಮಹಾಭಾರತದ ಸ್ತ್ರೀಪರ್ವದಲ್ಲಿ ಯುಧಿಷ್ಠಿರ ದೂರದೇಶಗಳಿಂದ ಬಂದು ಸತ್ತ, ದಿಕ್ಕಿಲ್ಲದವರಿಗೂ ದಹನ ಮಾಡಿಸುತ್ತಾನೆ. ಅಷ್ಟು ರಾಜ್ಯದ ಹೊಣೆ. ಆಮೇಲೆ ಗಂಗೆಯ ದಡದಲ್ಲಿ ನೀರು ಬಿಡುವ ಹೊತ್ತಿಗೆ ಕುಂತಿ ಬಾಯಿ ಬಿಡುತ್ತಾಳೆ: ಕರ್ಣ ನಿಮ್ಮ ಅಣ್ಣ, ಅವನಿಗೂ ತರ್ಪಣ ಕೊಡಿ. ಯುದ್ಧ ಮುಗಿಯುವವರೆಗೂ ಮಕ್ಕಳಿಂದ ಮುಚ್ಚಿಟ್ಟಿದ್ದ ನಿಜ ಹೊರಬಿದ್ದದ್ದು ಇಲ್ಲಿ. ತರ್ಪಣಕ್ಕೆ ಹೆಸರು ಬೇಕು, ಸಂಬಂಧ ಬೇಕು. ಸುಳ್ಳಿನ ಮೇಲೆ ನೀರು ಬಿಡಲಾಗದು. ಗುರುತಿಲ್ಲದವರಿಗೂ ನೀರು ಬಿಡುವ ಪದ್ಧತಿ ನಮ್ಮಲ್ಲಿದೆಯಲ್ಲ ಎನ್ನಬಹುದು. ಇದೆ. ಆದರೆ ಗುರುತಿಲ್ಲದಿರುವುದು ಬೇರೆ, ಗೊತ್ತಿದ್ದೂ ಮರೆಮಾಚುವುದು ಬೇರೆ. ಕುಂತಿಯ ಮಾತಿನಿಂದ ಯುಧಿಷ್ಠಿರನ ಸಂಕಟ ಇಳಿಯಲಿಲ್ಲ, ಇಮ್ಮಡಿಯಾಯಿತು. ಹಾಗೆಂದು ಅವಳು ಸುಮ್ಮನಿದ್ದಿದ್ದರೆ ಕರ್ಮ ಪೂರ್ತಿಯಾಗುತ್ತಿತ್ತೇ?

ಅನ್ಸಾನ್‌ನ ಕುಟುಂಬಗಳು ಕೇಳಿದ್ದು ಇಂಥ ನಿಜವನ್ನೇ. ಆ ಹೊತ್ತಿಗೆ ಒಂಬತ್ತು ಮಂದಿಯ ದೇಹ ಸಿಕ್ಕಿರಲಿಲ್ಲ. ಸಮುದ್ರದಲ್ಲಿ ಹುಡುಕುವುದನ್ನು 2014ರ ನವೆಂಬರಿನಲ್ಲೇ ನಿಲ್ಲಿಸಲಾಗಿತ್ತು, ಹಡಗು ಕಡಲ ತಳದಲ್ಲಿತ್ತು. ಹಡಗನ್ನು ಮೇಲೆತ್ತಿ, ತನಿಖೆಯನ್ನು ಸರ್ಕಾರದ ಹಿಡಿತದಿಂದ ಬಿಡಿ ಎಂದು ಕೇಳಿದರು. ಉತ್ತರ ಬರಲಿಲ್ಲವೆಂದು ಸ್ಮರಣೆ ಬೇಡವೆಂದರು. ದೇಹ ಸಿಗದಿದ್ದರೆ ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸಲು ನಮ್ಮ ಶಾಸ್ತ್ರವೂ ಒಪ್ಪುತ್ತದೆ, ಆದರೆ ಅದು ಹುಡುಕಿ ಸೋತವರಿಗೆ. ಹುಡುಕಾಟ ಅರ್ಧಕ್ಕೆ ನಿಂತಿರುವಾಗ ಹೂವಿಟ್ಟು ಕೈಮುಗಿದರೆ ಆಯಿತು ಎನ್ನುವುದು ದರ್ಭೆಗೂ ಅವಮಾನ. ಬಾಗಿಲು ಮುಚ್ಚಿದ ಆರನೆಯ ದಿನ, ಏಪ್ರಿಲ್ 22ರಂದು, ಹಡಗನ್ನು ಎತ್ತುವ ನಿರ್ಧಾರವನ್ನು ಸರ್ಕಾರ ಪ್ರಕಟಿಸಿತು. 2017ರ ಮಾರ್ಚಿನಲ್ಲಿ ಹಡಗು ಮೇಲೆ ಬಂತು. ಅದಾದ ಮೇಲೆ ನಡೆದ ಶೋಧದಲ್ಲಿ ಆ ಒಂಬತ್ತು ಮಂದಿಯಲ್ಲಿ ನಾಲ್ವರ ಅವಶೇಷ ದೊರೆಯಿತು.

ಶೋಕಕ್ಕೊಂದು ಮಿತಿ ಇರಬೇಡವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಬಂಧುಗಳ ಕಣ್ಣೀರನ್ನು ಪ್ರೇತ ಉಣ್ಣಬೇಕಾಗುತ್ತದೆ, ಆದ್ದರಿಂದ ಅಳಬಾರದು ಎಂದು ಯಾಜ್ಞವಲ್ಕ್ಯ ಸ್ಮೃತಿ ಎಚ್ಚರಿಸುತ್ತದೆ. ದುಃಖವನ್ನು ವರ್ಷಗಟ್ಟಲೆ ಬೀದಿಯಲ್ಲಿಟ್ಟುಕೊಂಡರೆ ಸತ್ತವರಿಗೂ ಶಾಂತಿಯಿಲ್ಲ, ಇದ್ದವರಿಗೂ ಇಲ್ಲ ಎಂದು ಹಿರಿಯರು ಹೇಳುವುದು ಅನುಭವದಿಂದಲೇ. ಆದರೆ ಆ ಶ್ಲೋಕ ಅಳಬೇಡಿ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ಶಕ್ತಿಯಿದ್ದಷ್ಟು ಕ್ರಿಯೆ ಮಾಡಿ ಎನ್ನುತ್ತದೆ. ಮಿತಿ ಇರುವುದು ಕಣ್ಣೀರಿಗೆ, ಮಾಡಬೇಕಾದ ಕೆಲಸಕ್ಕಲ್ಲ. ಸೋಲ್‌ನ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಡೇರೆ ಹಾಕಿ ಕುಳಿತ ಆ ಮನೆಯವರು ಬರೀ ಅಳುತ್ತಿರಲಿಲ್ಲ.

ರಾಜಕೀಯ ಬೆರೆಯಿತು ಎಂಬ ದೂರೂ ಇದೆ. ಬೆರೆಯಿತು, ನಿಜ. ಸೆವೊಲ್‌ನಲ್ಲಿ ಸತ್ತವರ ನೆನಪಿನ ಗುರುತಾದ ಹಳದಿ ರಿಬ್ಬನ್ನಿನ ನೆರಳಲ್ಲಿ ಸರ್ಕಾರದ ವಿರೋಧಿಗಳೂ ನಿಂತರು. ತನಿಖೆ ಕೇಳಿ ಉಪವಾಸ ಕುಳಿತವರೆದುರು ಪಿಜ್ಜಾ ತಿಂದು ಅಣಕಿಸಿದವರೂ ಇದ್ದರು. ಆದರೆ ಸಾವಿನ ಕಾರಣವೇ ಆಡಳಿತದೊಳಗೆ ಇದ್ದಾಗ, ಕಾರಣ ಕೇಳದ ಸ್ಮರಣೆಯೂ ಒಂದು ರಾಜಕೀಯವೇ, ಆಳುವವರಿಗೆ ಅನುಕೂಲವಾದದ್ದು. 2014ರ ಆಗಸ್ಟಿನಲ್ಲಿ ಸೋಲ್‌ಗೆ ಬಂದ ಪೋಪ್ ಫ್ರಾನ್ಸಿಸ್ ಆ ರಿಬ್ಬನ್ ಧರಿಸಿದರು. ತಟಸ್ಥರಾಗಿರಬೇಕಾದ್ದರಿಂದ ತೆಗೆಯುವುದು ಒಳ್ಳೆಯದೆಂದು ಯಾರೋ ಸೂಚಿಸಿದರಂತೆ; ಮನುಷ್ಯರ ನೋವಿನೆದುರು ತಟಸ್ಥನಾಗಿರಲು ಆಗದೆಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಇಡೀ ದೇಶದ ದುಃಖಕ್ಕೆ ಕೆಲವೇ ಮನೆಗಳು ಒಡೆಯರೇ ಎಂದು ಕೇಳುವವರಿಗೆ ಹೇಳುವುದಿಷ್ಟು: ದುಃಖ ಎಲ್ಲರದೂ ಆಗಲಿ, ಕರ್ತೃತ್ವ ಮಾತ್ರ ಆ ಮನೆಗಳದು. ದೊರೆ ಅಲ್ಲಿ ಅತಿಥಿ; ಅತಿಥಿಯನ್ನು ಯಾವಾಗ ಒಳಗೆ ಕರೆಯಬೇಕೆಂಬುದು ಮನೆಯವರಿಗೆ ಬಿಟ್ಟದ್ದು.

2018ರ ಏಪ್ರಿಲ್ 16ರಂದು ಅನ್ಸಾನ್‌ನಲ್ಲಿ ಸರ್ಕಾರವೂ ಕುಟುಂಬಗಳೂ ಸೇರಿ ಅಂತಿಮ ವಿದಾಯದ ವಿಧಿ ನಡೆಸಿದವು. ಪ್ರಧಾನಿ ಬಂದರು, ಅವರನ್ನು ಯಾರೂ ತಡೆಯಲಿಲ್ಲ. ಐವರ ದೇಹ ಇನ್ನೂ ಸಿಕ್ಕಿಲ್ಲ.