ಸೋರುವ ನೀರು ಯಾರದು?

ಮಲೆನಾಡಿನವರಿಗೆ ನೀರಿನ ಉಳಿತಾಯ ಹೇಳಹೊರಟರೆ ನಗು ಬರುವುದು ಸಹಜ. ಮಂಡಗದ್ದೆಯ ಮಗ್ಗುಲಲ್ಲೇ ತುಂಗೆ ಹರಿಯುತ್ತಾಳೆ. ಮಳೆಗಾಲ ಬಂತೆಂದರೆ ಹೊಳೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಅದೇ ತಾಲ್ಲೂಕಿನ ಆಗುಂಬೆಯ ಮಳೆಯಂತೂ ನಾಡಿಗೇ ಹೆಸರಾದದ್ದು. ಇಂಥಲ್ಲಿ ಮನೆಯ ಶೌಚಾಲಯದ ಫ್ಲಶ್ ಟ್ಯಾಂಕಿನಿಂದ ಒಂದಿಷ್ಟು ನೀರು ಸೋರಿದರೆ ನಷ್ಟವಾದರೂ ಯಾರಿಗೆ? ಬಾವಿ ನಮ್ಮದು, ಪಂಪು ನಮ್ಮದು, ಕರೆಂಟು ಬಿಲ್ಲು ಕಟ್ಟುವವರೂ ನಾವೇ. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಅದು ಕೇಳಬೇಕಾದ ಪ್ರಶ್ನೆಯೇ.

ಮೊದಲು ಲೆಕ್ಕ ನೋಡೋಣ. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಸೋರಿದರೆ ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಹಾಗಾದರೆ ಐದು ಮಂದಿಯ ಪಾಲು ನಮ್ಮ ಮನೆಯಲ್ಲಿ ಸದ್ದಿಲ್ಲದೆ ಹೋಗುತ್ತಿದೆ! ಬಾವಿಯ ಕಟ್ಟೆ ನಮ್ಮದಾಗಬಹುದು. ಒಳಗಿನ ಒರತೆಗೆ ಬೇಲಿ ಹಾಕಿದವರುಂಟೇ? ಏಪ್ರಿಲ್, ಮೇ ತಿಂಗಳಲ್ಲಿ ಪಕ್ಕದ ಮನೆಯ ಕೊಡ ಬಾವಿಯ ತಳ ತಾಕುವಾಗ, ನಮ್ಮ ಪಂಪು ಎತ್ತುವುದು ಅವರ ನೀರನ್ನೂ ಹೌದು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದನ್ನು ಮರೆಯದಿರೋಣ.

'ಸೋರಿದ ನೀರು ಮತ್ತೆ ಭೂಮಿಗೇ ತಾನೇ ಇಂಗುವುದು?' ಎನ್ನುವವರಿದ್ದಾರೆ. ಇಂಗುತ್ತದೆ, ನಿಜ. ಆದರೆ ಅದು ಹೋಗುವುದು ಶೌಚದ ಗುಂಡಿಯ ಮೂಲಕ. ಶುದ್ಧವಾಗಿ ಬಂದದ್ದು ಹೊಲಸಾಗಿ ಹಿಂತಿರುಗುತ್ತದೆ. ಮಳೆಗಾಲದಲ್ಲಿ ಮಣ್ಣು ಮೊದಲೇ ನೆನೆದಿರುವಾಗ ಗುಂಡಿ ಬೇಗ ತುಂಬುತ್ತದೆ, ಉಕ್ಕುತ್ತದೆ. ಉಕ್ಕಿದ್ದು ಚರಂಡಿ ಸೇರಿ, ಹಳ್ಳ ಸೇರಿ, ಕೊನೆಗೆ ಹೊಳೆ ಸೇರುತ್ತದೆ. ಮಂಡಗದ್ದೆ ದಾಟಿದ ಆ ತುಂಗೆಯೇ ಶಿವಮೊಗ್ಗೆಯವರು ಕುಡಿಯುವ ನೀರು.

ಇನ್ನೊಬ್ಬರೂ ಇದ್ದಾರೆ: ಆ ಗುಂಡಿಯನ್ನು ಬರಿದು ಮಾಡುವವರು. ರಕ್ಷಣೆಯಿಲ್ಲದೆ ಮನುಷ್ಯರನ್ನು ಮಲದ ಗುಂಡಿಗೆ ಇಳಿಸಬಾರದೆಂದು 2013ರ ಕಾಯಿದೆ ನಿಷೇಧಿಸಿದೆ. ಆದರೂ ಇಳಿದು ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ನಮ್ಮ ಅಸಡ್ಡೆಯ ಬೆಲೆಯನ್ನು ನಾವು ತೆರುವುದು ಕಡಿಮೆ. ಕಣ್ಣಿಗೆ ಬೀಳದವರು ತೆರುವುದೇ ಹೆಚ್ಚು. ತಪ್ಪು ಇರುವುದು ಇಲ್ಲಿ.

ಹಾಗಾದರೆ ಏನು ಮಾಡಬೇಕು? ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಟ್ಯಾಂಕಿಗೆ ಬಿಡಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ನೀಲಿ ಕಂಡರೆ ಟ್ಯಾಂಕು ಸೋರುತ್ತಿದೆ ಎಂದೇ ಅರ್ಥ. ಟ್ಯಾಂಕಿಗೆ ಬರುವ ನೀರಿನ ನಲ್ಲಿ ನಿಲ್ಲಿಸಿ, ಟ್ಯಾಂಕು ಖಾಲಿ ಮಾಡಿ, ತಳದ ರಬ್ಬರ್ ವಾಷರ್ ನೋಡಿ. ಕಸರು ಕಟ್ಟಿದ್ದರೆ ಒರೆಸಿ. ಸವೆದಿದ್ದರೆ ಅದೇ ಅಳತೆಯದು ತಂದು ಹಾಕಿ. ನೀರು ಮೇಲಿನ ಕೊಳವೆಯಿಂದ ಹರಿದುಹೋಗುತ್ತಿದ್ದರೆ ತೇಲುವ ಚೆಂಡನ್ನು ಸ್ವಲ್ಪ ತಗ್ಗಿಸಿ. ಕಮೋಡಿನ ಬುಡದಲ್ಲೇ ಒಸರುತ್ತಿದ್ದರೆ ಮಾತ್ರ ಪ್ಲಂಬರನ್ನು ಕರೆಯಿರಿ. ಅವರ ಕೂಲಿಗೆ ಚೌಕಾಸಿ ಮಾಡಬೇಡಿ.

'ಛೀ, ಅದಕ್ಕೆಲ್ಲ ಕೈ ಹಾಕುವುದೇ?' ಎಂದು ಹಿಂಜರಿಯುತ್ತೀರಾ? ಆ ಟ್ಯಾಂಕಿನಲ್ಲಿರುವುದು ಅಡಿಗೆಮನೆಯ ನಲ್ಲಿಯಲ್ಲಿ ಬರುವ ನೀರೇ. ಹೇಸಿಗೆ ನೀರಿನಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ. ಶಿಷ್ಯರ ಕಾಲು ತೊಳೆದ ಸ್ವಾಮಿಯನ್ನು ನಂಬಿದವರಿಗೆ ಈ ಕೆಲಸ ಕೀಳಾಗಬಾರದು. ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ನೀರಿನ ಮಿತಬಳಕೆಯನ್ನು ದಿನನಿತ್ಯದ ಸಣ್ಣ ಸತ್ಕಾರ್ಯಗಳ ಸಾಲಿನಲ್ಲೇ ಹೆಸರಿಸಿದ್ದಾರೆ.

ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳನ್ನೂ ಕರೆದು ಟ್ಯಾಂಕಿನ ಮುಚ್ಚಳ ತೆಗೆಯಿರಿ. ನೆರೆಯವರನ್ನು ಪ್ರೀತಿಸುವ ಪಾಠಕ್ಕೆ ಅದೂ ಒಂದು ಜಾಗವೇ.